ಗರಿ ಎಣಿಸದೆ ತೋಟದ ಚಿತ್ರ ಬಿಡಿಸುವುದು ಹೇಗೆ?

ಪ್ರಶ್ನೆ: ಊರಿನ ಗದ್ದೆ, ಹುಲ್ಲಿನ ಬಣವೆ, ಹಿಂದೆ ತೆಂಗಿನ ತೋಟ. ಇದನ್ನು ಇಂಪ್ರೆಷನಿಸ್ಟ್ ಶೈಲಿಯಲ್ಲಿ, ಅಂದರೆ ವಿವರಕ್ಕಿಂತ ಬೆಳಕು-ಬಣ್ಣ ಮುಖ್ಯವಾಗಿ, ಬ್ರಷ್ ಗುರುತು ಕಾಣುವ ಹಾಗೆ ಬಿಡಿಸುವ ಆಸೆ. ಆದರೆ ಕೂತರೆ ಒಂದೊಂದು ಗರಿಯನ್ನೂ ತಿದ್ದುತ್ತೇನೆ. ಬಳಸುವುದು ಅಕ್ರಿಲಿಕ್ ಬಣ್ಣ. ನಿಮ್ಮ ಅನುಭವ ಹೇಳಿ.

ಉತ್ತರ 1: ನನಗೂ ಇದೇ ಕಷ್ಟ ಇತ್ತು. ಕೈ ಬೇಗ ಓಡಿಸಿದರೆ ಗೀರು ಬಿಗಿಯಿಲ್ಲದೆ ಸಡಿಲವಾಗಿ ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ, ಚಿತ್ರ ಕಲಸಿಹೋಯಿತು ಅಷ್ಟೇ. ಈಗ ನೋಡುವುದಕ್ಕೇ ಜಾಸ್ತಿ ಹೊತ್ತು ಕೊಡುತ್ತೇನೆ. ಕಣ್ಣು ಅರ್ಧ ಮುಚ್ಚಿ ನೋಡಿ. ಗರಿಗಳೆಲ್ಲ ಮಾಯವಾಗಿ ತೋಟ ಒಂದೇ ಗಾಢ ಪಟ್ಟಿಯಾಗುತ್ತದೆ. ಬಣವೆಯಲ್ಲಿ ಉಳಿಯುವುದು ಎರಡೇ ಭಾಗ, ಬಿಸಿಲಿನದು ಮತ್ತು ನೆರಳಿನದು. ಆ ನಾಲ್ಕೈದು ಆಕಾರಗಳನ್ನು ಒಂದಿಂಚಿನ ಫ್ಲಾಟ್ ಬ್ರಷ್‌ನಲ್ಲಿ ಹಚ್ಚಿ. ಬ್ರಷ್ಷನ್ನು ಪೆನ್ನಿನ ಹಾಗೆ ಹಿಡಿಯಬೇಡಿ, ಹಿಡಿಯ ಹಿಂದಿನ ತುದಿಯಲ್ಲಿ ಹಿಡಿಯಿರಿ. ಬಣ್ಣವನ್ನು ಪ್ಯಾಲೆಟ್‌ನಲ್ಲೇ ಸರಿ ಮಾಡಿಕೊಂಡು ಒಂದು ಸಲ ಇಡಿ. ಅದರ ಮೇಲೆ ಮತ್ತೆ ಉಜ್ಜಬೇಡಿ.

ನೆರಳಿಗೆ ಕಪ್ಪು ಬೇಡ. ಅಲ್ಟ್ರಾಮರೀನ್ ನೀಲಿಗೆ ಸ್ವಲ್ಪ ಬರ್ನ್ಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು) ಸೇರಿಸಿ. ಪಕ್ಕದ ಹಳದಿಗೆ ಆಗ ಬಿಸಿಲು ಬರುತ್ತದೆ.

ಇಂಪ್ರೆಷನಿಸ್ಟ್ ಚಿತ್ರಕಾರ ಕ್ಲಾಡ್ ಮೊನೆ 1890–91ರಲ್ಲಿ ಫ್ರಾನ್ಸಿನ ಜಿವರ್ನಿಯಲ್ಲಿ ಮನೆ ಹತ್ತಿರದ ಬಣವೆಗಳನ್ನೇ ಇಪ್ಪತ್ತಕ್ಕೂ ಹೆಚ್ಚು ಸಲ ಬಿಡಿಸಿದರು. ಬೆಳಕು ಬದಲಾದ ಹಾಗೆ ಕ್ಯಾನ್ವಾಸ್ ಬದಲಿಸುತ್ತಿದ್ದರು. ನಾನೂ ಪೋಸ್ಟ್‌ಕಾರ್ಡ್ ಅಳತೆಯ ಹಾಳೆಯಲ್ಲಿ ಒಂದೇ ಬಣವೆಯನ್ನು ಬೆಳಗ್ಗೆ ಒಂದು, ಸಂಜೆ ಒಂದು ಬಿಡಿಸಿದೆ. ಮೂರನೇ ದಿನಕ್ಕೆ ಹುಲ್ಲೆಸಳಿನ ಯೋಚನೆಯೇ ಇರಲಿಲ್ಲ. ಬೆಳಕಿನ ಹಿಂದೆ ಓಡುವುದೇ ಸಾಕಾಗಿತ್ತು. ಇದನ್ನು ಖಂಡಿತ ಮಾಡಿ ನೋಡಿ.

ಉತ್ತರ 2: ಅಕ್ರಿಲಿಕ್ ಅಂದಿದ್ದೀರಿ. ನಮ್ಮ ಬಿಸಿಲಿಗೆ ಅದು ಬಯಲಲ್ಲಿ ನಿಮಿಷಗಳಲ್ಲೇ ಒಣಗುತ್ತದೆ. ಅಂಚು ಗಟ್ಟಿಯಾಗಿ ಕಾಣುತ್ತದೆ, ಅದನ್ನು ಮರೆಸಲು ಹೋಗಿ ತಿದ್ದೋದು ಶುರುವಾಗುತ್ತದೆ ಅಲ್ವಾ? ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ, ಮೇಲೆ ಬಟರ್ ಪೇಪರ್ ಇಟ್ಟು, ಅದರ ಮೇಲೆ ಬಣ್ಣ ಹಾಕಿಕೊಳ್ಳಿ. ನೀರಿನ ಸ್ಪ್ರೇ ಬಾಟಲಿಯೂ ಜೊತೆಗಿರಲಿ.

ಉತ್ತರ 3: ಚಿತ್ರಕಾರ ರುಮಾಲೆ ಚನ್ನಬಸವಯ್ಯ ಅವರು ಬಿಡಿಸಿದ ಬೆಂಗಳೂರಿನ ಹೂಮರಗಳನ್ನು ನೋಡಿ. ಹತ್ತಿರ ಹೋದರೆ ಬರೀ ಬಣ್ಣದ ಗೀರು, ಹಿಂದೆ ಸರಿದರೆ ಮರ. ಅದನ್ನು ನೋಡಿದ ಮೇಲೆ ನಾನು ಹತ್ತು ಗೀರಿಗೊಮ್ಮೆ ಎದ್ದು ಆರಡಿ ದೂರ ನಿಂತು ನೋಡುತ್ತೇನೆ. ಗರಿ ಬೇಕೇ ಬೇಕು ಅನಿಸಿದರೆ ಒಂದೇ ಒಂದು ಮರಕ್ಕೆ, ಆಕಾಶಕ್ಕೆ ತಾಗುವ ಕಡೆ ಮೂರು ಗೀರು ಹಾಕಿ. ಉಳಿದ ಮರಗಳನ್ನು ಮುಟ್ಟಬೇಡಿ.