ಮಾತು ಬಾರದ ಮಗಳು, ಗೇಟಿನ ಹತ್ತಿರದ ಕುಂಟು ನಾಯಿ: ಮನೆಗೆ ತರಬಹುದಾ?

ಕೇಳಿದವರು, ದಾವಣಗೆರೆಯಿಂದ ಒಬ್ಬ ತಾಯಿ

ನನ್ನ ಮಗಳಿಗೆ ಆರು ವರ್ಷ. ಆಟಿಸಂ ಇದೆ, ಮಾತು ಇನ್ನೂ ಬಂದಿಲ್ಲ. ನಮ್ಮ ಬೀದಿಯಲ್ಲಿ ಒಂದು ಹೆಣ್ಣು ನಾಯಿ ಇದೆ. ಯಾವುದೋ ಗಾಡಿ ತಾಗಿ ಕಾಲು ಕುಂಟು. ದಿನಾ ಸಂಜೆ ನಮ್ಮ ಗೇಟಿನ ಹತ್ತಿರ ಬಂದು ಕೂರುತ್ತದೆ. ಯಾರನ್ನೂ ನೋಡದ ಮಗಳು ಅದನ್ನು ಮಾತ್ರ ನೋಡುತ್ತಾ ನಿಲ್ಲುತ್ತಾಳೆ. ತಂದು ಸಾಕೋಣ ಅಂತ ನನಗೆ ಆಸೆ. ಅತ್ತೆಗೆ ಹೆದರಿಕೆ. ಅದು ಕಚ್ಚಿದರೆ? ಮಗಳೇ ಅದಕ್ಕೆ ನೋವು ಮಾಡಿದರೆ? ಇಂಥ ಮಕ್ಕಳ ಜೊತೆ ಬೀದಿಯ ನಾಯಿ ಸಾಕಿದವರು ದಯವಿಟ್ಟು ಹೇಳಿ.

ಮೈಸೂರಿನಿಂದ ಒಬ್ಬ ತಾಯಿ

ಅಕ್ಕ, ನಮ್ಮ ಮನೆಯಲ್ಲಿ ಏಳು ವರ್ಷದಿಂದ ಇಂಥದ್ದೇ ಜೋಡಿ ಇದೆ. ಮಗನಿಗೆ ಈಗ 12. ನಿಮ್ಮ ಮಗಳ ಹಾಗೇ ಆಟಿಸಂ, ಅವನೂ ಮಾತಾಡುವುದಿಲ್ಲ. ನಾಯಿಯ ಹೆಸರು ಕೆಂಪಿ. ಚರಂಡಿ ಪಕ್ಕ ಬಿದ್ದಿದ್ದವಳನ್ನು ಎತ್ತಿಕೊಂಡು ಬಂದಿದ್ದೆವು.

ಮೊದಲ ಮೂರು ತಿಂಗಳು ಏನೂ ಆಗಲಿಲ್ಲ. ಮಗ ಅವಳನ್ನು ಚಾಪೆ ದಾಟುವ ಹಾಗೆ ದಾಟಿಕೊಂಡು ಓಡಾಡುತ್ತಿದ್ದ. ಅವನು ಕಿರುಚಿದರೆ ಅವಳು ಮಂಚದ ಕೆಳಗೆ ಸೇರುತ್ತಿದ್ದಳು. ನನಗೆ ತಡೆಯಲಾಗದೆ ಒಂದು ದಿನ ಅವನ ಕೈ ಹಿಡಿದು ಅವಳ ಬೆನ್ನ ಮೇಲೆ ಇಡಿಸಿದೆ. ಕೊಡವಿಕೊಂಡು ಬಚ್ಚಲಿಗೆ ಓಡಿದ, ಎಷ್ಟೋ ಹೊತ್ತು ಕೈ ತೊಳೆದ. ಆ ತಪ್ಪು ನೀವು ಮಾಡಬೇಡಿ. ಕೆಲವು ಮಕ್ಕಳಿಗೆ ಕೂದಲು ತಾಗಿದರೇ ಆಗೋದಿಲ್ಲ, ಇನ್ನು ಕೆಲವರಿಗೆ ಬೊಗಳುವ ಸದ್ದು.

ಆಮೇಲೆ ಒಂದು ಮಧ್ಯಾಹ್ನ. ಬೀದಿನಾಯಿಗಳಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡಿದ ಮೇಲೆ ಗುರುತಿಗೆ ಕಿವಿಯ ಅಂಚು ಒಂಚೂರು ಕತ್ತರಿಸಿರುತ್ತಾರಲ್ಲ, ಕೆಂಪಿಗೂ ಹಾಗೆ ಒಂದು ತಗ್ಗು ಇದೆ. ಮಗ ಅವಳ ಪಕ್ಕ ನೆಲದ ಮೇಲೆ ಮಲಗಿ, ತೋರುಬೆರಳಿನಿಂದ ಆ ಕಿವಿಯ ಅಂಚು ಸವರುತ್ತಿದ್ದ. ಬೆರಳು ತಗ್ಗಿಗೆ ಇಳಿಯೋದು, ಏರೋದು, ಮತ್ತೆ ವಾಪಸ್ ಬರೋದು. ತಟ್ಟೆಯ ಅಂಚು, ಬಾಗಿಲ ಅಂಚು ಹೀಗೆ ಸವರುವ ಅಭ್ಯಾಸ ಅವನಿಗೆ ಮೊದಲಿಂದಲೂ ಇತ್ತು. ಕೆಂಪಿ ಅರ್ಧ ಕಣ್ಣು ಮುಚ್ಚಿಕೊಂಡಿದ್ದಳು. ನಾನು ಹಿಟ್ಟಿನ ಕೈಯಲ್ಲೇ ಅಡುಗೆಮನೆ ಬಾಗಿಲಲ್ಲಿ ನಿಂತುಬಿಟ್ಟೆ. ಹಂಚಿನ ಮೇಲಿದ್ದ ಚಪಾತಿ ಸೀದುಹೋಯಿತು.

ಇವತ್ತಿಗೂ ಅವನು ಅವಳನ್ನು ತಬ್ಬಿಕೊಳ್ಳುವುದಿಲ್ಲ. ಆದರೆ ಹೊರಗಿನಿಂದ ಬಂದರೆ ಚಪ್ಪಲಿ ಬಿಡುವ ಮೊದಲು ಆ ಕಿವಿ ಮುಟ್ಟಬೇಕು. ಮುಟ್ಟಿದ ಮೇಲೆ ಬಿಗಿದುಕೊಂಡಿದ್ದ ಭುಜ ಇಳಿಯುವುದು ನನಗೆ ಕಾಣುತ್ತದೆ.

ನಾಯಿ ಬಂದ ಮೇಲೆ ಮಾತು ಬಂತಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಥೆರಪಿಗೆ ಹೋಗುತ್ತಿದ್ದೆವು, ಕೆಂಪಿ ಬಂದಳು ಅಂತ ಅದನ್ನು ಬಿಡಲಿಲ್ಲ. ಅವನು ಚಿತ್ರದ ಕಾರ್ಡ್ ತೋರಿಸಿ ಬೇಕಾದ್ದು ಕೇಳುತ್ತಾನೆ. ಅದರಲ್ಲಿ ಕೆಂಪಿಯ ಫೋಟೊ ಒಂದು ಸೇರಿಸಿದ್ದೇವೆ. ಎಲ್ಲಕ್ಕಿಂತ ಜಾಸ್ತಿ ಸವೆದಿರೋದು ಆ ಕಾರ್ಡೇ. ಮೂರು ಸಲ ಹೊಸದು ಮಾಡಿಸಿದ್ದಾಯಿತು.

ಅದಕ್ಕೇ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮನೆಗೆ ಬಂದ ಮೇಲೆ ಮಗಳು ಅದರ ಕಡೆ ತಿರುಗಿಯೂ ನೋಡದೇ ಹೋದರೆ, ಆಗಲೂ ಅದನ್ನು ಸಾಕುತ್ತೀರಾ? ಹೌದು ಅನ್ನುವುದಾದರೆ ಮಾತ್ರ ತನ್ನಿ.

ನಿಮ್ಮ ಅತ್ತೆಯವರ ಹೆದರಿಕೆ ಸುಮ್ನೆ ಅಲ್ಲ. ಮೊದಲು ಪಶುವೈದ್ಯರಿಗೆ ತೋರಿಸಿ ರೇಬೀಸ್ ಲಸಿಕೆ, ಜಂತುಹುಳದ ಮಾತ್ರೆ, ಉಣ್ಣಿಗೆ ಔಷಧಿ ಎಲ್ಲ ಆಗಲಿ. ಆ ಕಾಲೂ ನೋಡಿಸಿ. ಹಳೇ ನೋವು ಇರುವ ಜಾಗ ಮಗು ಒತ್ತಿದರೆ ಎಷ್ಟು ಸಾಧು ನಾಯಿಯಾದರೂ ಬಾಯಿ ಹಾಕೀತು. ಮಾತಾಡದ ಮಕ್ಕಳ ವಿಷಯದಲ್ಲಿ ಇನ್ನೊಂದಿದೆ. ಹಲ್ಲು ತಾಗಿದರೆ, ಗೀರಿದರೆ ಬಂದು ಹೇಳೋದಿಲ್ಲ. ನಾನು ದಿನಾ ಸ್ನಾನ ಮಾಡಿಸುವಾಗ ಕೈಕಾಲು ನೋಡುತ್ತೇನೆ. ಚರ್ಮ ಹರಿದಿದ್ದರೆ ಸೋಪು ಹಚ್ಚಿ 15 ನಿಮಿಷ ನಲ್ಲಿ ನೀರಿನ ಕೆಳಗೆ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕು. ನಮ್ಮದೇ ನಾಯಿ ಅಂತ ಬಿಡಬಾರದು. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಲೇಬಾರದು. ಮಕ್ಕಳಿಗೆ ಮುಂಚಿತವಾಗಿ ಹಾಕುವ ರೇಬೀಸ್ ಲಸಿಕೆಯೂ ಇದೆ, ಡಾಕ್ಟರನ್ನು ಕೇಳಿ. ನಾವು ಹಾಕಿಸಿದ್ದೇವೆ. ಅದನ್ನು ಹಾಕಿಸಿದ್ದರೂ ಕಚ್ಚಿದಾಗ ಮತ್ತೆ ಲಸಿಕೆ ಬೇಕು.

ಮಗಳೇ ನೋವು ಮಾಡಿದರೆ ಅಂತ ಕೇಳಿದಿರಲ್ಲ, ಅದನ್ನು ಓದಿ ನನಗೆ ನಿಮ್ಮ ಮೇಲೆ ನಂಬಿಕೆ ಬಂತು. ನಮ್ಮ ಮನೆಯಲ್ಲಿ ಮಂಚದ ಕೆಳಗಿನ ಜಾಗ ಕೆಂಪಿಯದ್ದು. ಅಲ್ಲಿಗೆ ಹೋದರೆ ಯಾರೂ ಕರೆಯುವ ಹಾಗಿಲ್ಲ, ಎಳೆಯುವ ಹಾಗಿಲ್ಲ. ನಿದ್ದೆ ಇಲ್ಲದ ಹೊತ್ತಿನ ಆಕಳಿಕೆ, ತುಟಿ ನೆಕ್ಕೋದು, ಮುಖ ಆಚೆ ತಿರುಗಿಸೋದು, ಮೈ ಬಿಗಿ ಹಿಡಿಯೋದು, ಇದೆಲ್ಲ 'ಸಾಕು' ಅಂತ ಅವಳು ಹೇಳುವ ಬಗೆ. ಗುರ್ ಅಂದರೆ ಗದರಬೇಡಿ, ಮಗುವನ್ನು ಎತ್ತಿಕೊಂಡು ಆಚೆ ಹೋಗಿ. ಗದರಿ ಗದರಿ ಗುರ್ ಅನ್ನುವುದನ್ನು ಬಿಡಿಸಿದರೆ ಮುಂದೆ ಹೇಳದೇ ಕೇಳದೇ ಕಚ್ಚುತ್ತದೆ. ಏಳು ವರ್ಷ ಆದರೂ ಅವರಿಬ್ಬರನ್ನೇ ಕೋಣೆಯಲ್ಲಿ ಬಿಟ್ಟು ನಾನು ಅಂಗಡಿಗೆ ಹೋಗುವುದಿಲ್ಲ.

ಬೆಂಗಳೂರಿನಿಂದ ಒಬ್ಬ ತಂದೆ

ನಮ್ಮಲ್ಲಿ ಮೊದಲ ಸಲ ಸರಿಹೋಗಲಿಲ್ಲ, ಅದನ್ನೂ ಹೇಳಬೇಕು. ಮಗನಿಗೆ ಸೆರೆಬ್ರಲ್ ಪಾಲ್ಸಿ, ವೀಲ್‌ಚೇರ್‌ನಲ್ಲಿ ಇರುತ್ತಾನೆ. ಪಾಪ ಅಂತ ರಸ್ತೆಯಿಂದ ಎರಡು ತಿಂಗಳ ಮರಿ ತಂದೆವು. ಹಾಲುಹಲ್ಲು ಉದುರಿ ಹೊಸದು ಬರುವವರೆಗೆ, ಅಂದರೆ ಸುಮಾರು ಆರು ತಿಂಗಳು ತುಂಬುವ ತನಕ, ಮರಿಗಳು ಸಿಕ್ಕಿದ್ದೆಲ್ಲ ಕಚ್ಚುತ್ತವೆ. ಅವನಿಗೆ ಬೇಗ ಕೈ ಹಿಂದಕ್ಕೆ ತೆಗೆಯಲು ಆಗೋದಿಲ್ಲ. ಕಾಲಿನ ಸ್ಪ್ಲಿಂಟ್‌ನ ಪಟ್ಟಿಯನ್ನೂ ಅಗಿದು ಹಾಕಿತು. ಕೊನೆಗೆ ತುಮಕೂರಿನ ಅಕ್ಕನ ಮನೆಗೆ ಬಿಟ್ಟು ಬಂದೆವು. ವಾಪಸ್ ಬರುವಾಗ ದಾರಿಯುದ್ದಕ್ಕೂ ನಾನು, ನನ್ನ ಹೆಂಡತಿ ಮಾತೇ ಆಡಲಿಲ್ಲ.

ಎರಡು ವರ್ಷ ಬಿಟ್ಟು ಬೆಳೆದ ನಾಯಿಯನ್ನೇ ತಂದೆವು, ನಾಲ್ಕು ವರ್ಷದ್ದು ಇರಬಹುದು. ಮೊದಲು ಒಂದು ತಿಂಗಳು ನೋಡ್ತೀವಿ ಅಂತ ಹೇಳಿಯೇ ಇಟ್ಟುಕೊಂಡಿದ್ದು. ಬೆಳೆದ ನಾಯಿಯ ಸ್ವಭಾವ ಮುಂಚೆಯೇ ಗೊತ್ತಾಗುತ್ತದೆ, ನಿಮ್ಮ ಗೇಟಿನ ನಾಯಿಯದ್ದೂ ನಿಮಗೆ ಆಗಲೇ ಅರ್ಧ ಗೊತ್ತು ಅಲ್ವಾ? ನೀವೂ ಹಾಗೇ ಶುರು ಮಾಡಿ ಮೇಡಂ. ಈಗ ನಮ್ಮ ರಾಜ ವೀಲ್‌ಚೇರಿನ ಫುಟ್‌ರೆಸ್ಟ್ ಮೇಲೆ ಗದ್ದ ಇಟ್ಟುಕೊಂಡು ಮಲಗುತ್ತಾನೆ. ಯಾರಾದರೂ ಚೇರ್ ತಳ್ಳೋಕೆ ಬಂದರೆ ಮಗ ಕೈ ಅಡ್ಡ ಹಿಡಿಯುತ್ತಾನೆ. ರಾಜ ಎದ್ದ ಮೇಲೆಯೇ ತಳ್ಳಬೇಕು. ದೀಪಾವಳಿಯ ಪಟಾಕಿಗೆ ಮಾತ್ರ ಇಬ್ಬರೂ ಒಂದೇ ಸಮ ನಡುಗುತ್ತಾರೆ. ಆ ಮೂರು ದಿನ ಊರಿಗೆ, ತೋಟದ ಮನೆಗೆ ಹೋಗಿಬಿಡುತ್ತೇವೆ.

ಧಾರವಾಡದಿಂದ ಒಬ್ಬ ಅಜ್ಜಿ

ತಂಗೀ, ನಿಮ್ಮ ಅತ್ತೆಯ ಜಾಗದಲ್ಲಿ ನಾನಿದ್ದೆ. ಮೊಮ್ಮಗಳಿಗೆ ಡೌನ್ ಸಿಂಡ್ರೋಮ್. ನಾಯಿ ತರ್ತೀವಿ ಅಂದಾಗ ಎರಡು ದಿನ ಊಟ ಬಿಟ್ಟಿದ್ದೆ. ಅತ್ತೆಯವರನ್ನು ಒತ್ತಾಯ ಮಾಡಬೇಡ. ಏನು ಬೇಡ ಅಂತ ಅವರನ್ನೇ ಕೇಳು. ದೇವರ ಮನೆಗೆ ಬರಬಾರದು, ಅಡುಗೆಮನೆಗೆ ಬರಬಾರದು ಅಂದೆ. ಮಗ, ಸೊಸೆ ಇಬ್ಬರೂ ಒಪ್ಪಿ ಅಡ್ಡ ಒಂದು ಹಲಗೆ ಹಾಕಿಸಿದರು. ಅದು ಇವತ್ತಿಗೂ ಇದೆ.

ಈಗ ರೊಟ್ಟಿ ಬಡಿಯುವಾಗ ಕೊನೆಗೆ ಸಣ್ಣದೊಂದು ನಾಯಿಗೆ ಅಂತ ಬಡಿಯುತ್ತೇನೆ. ಮೊಮ್ಮಗಳು ಹಲಗೆಯ ಆಚೆ ಕೂತು ಚೂರು ಮಾಡುತ್ತಾಳೆ. ಬಿಸಿ ಆರಿದೆಯೋ ಇಲ್ಲವೋ ಅಂತ ಒಂದೊಂದು ಚೂರನ್ನೂ ತನ್ನ ಕೆನ್ನೆಗೆ ಒತ್ತಿ ನೋಡುತ್ತಾಳೆ. ಅದು ಬಾಯಲ್ಲಿ ನೀರು ಸುರಿಸುತ್ತಾ ಕಾಯುತ್ತದೆ, ಅವಳು ಕರೆಯುವ ತನಕ ಮುಂದೆ ಬರುವುದಿಲ್ಲ.