ಒಂದು ಸಾಲು ತಿದ್ದಿದರೆ 412 ಸಾಲು ಬದಲಾಗುತ್ತಿದೆ, ನಿಮಗೂ ಹೀಗಾಗಿದೆಯಾ?

ಅರ್ಧಕೋಡ್: ಕೋಡ್ ಎಡಿಟರ್‌ನಲ್ಲಿ ಒಂದೇ ಸಾಲು ತಿದ್ದಿ ಸೇವ್ ಮಾಡುತ್ತೇನೆ. ಬದಲಾದ ಸಾಲು ತೋರಿಸುವ ಗಿಟ್ ಡಿಫ್‌ನಲ್ಲಿ ಇಡೀ ಫೈಲ್ ಕೆಂಪು-ಹಸಿರು. ಕಣ್ಣಿಗೆ ಏನೂ ವ್ಯತ್ಯಾಸ ಇಲ್ಲ. ಎಡಿಟರ್ ತೆಗೆದು ಮತ್ತೆ ಹಾಕಲಾ? ಅನುಭವ ಇದ್ದವರು ಹೇಳಿ.

ಮೂರ್‌ಸಲ: ಹಾಕಬೇಡಿ! ನಾನು ಮೂರು ಸಲ ಹಾಕಿದೆ. ಎಡಿಟರ್ ಹೋದರೂ ಸೆಟ್ಟಿಂಗ್ಸ್ ಹೋಮ್ ಫೋಲ್ಡರ್‌ನಲ್ಲಿ ಹಾಗೇ ಕೂತಿರುತ್ತವೆ. ಅದು ಗೊತ್ತಾಗುವ ಹೊತ್ತಿಗೆ ಶನಿವಾರ ಮುಗಿದಿತ್ತು. ಭಾನುವಾರ ಸಿಟ್ಟಿನಲ್ಲಿ ಆ ಫೋಲ್ಡರನ್ನೂ ಅಳಿಸಿದೆ. ಲಾಗಿನ್ ಆದ ಕೂಡಲೇ ಸಿಂಕ್ (ಸೆಟ್ಟಿಂಗ್ಸನ್ನು ಆನ್‌ಲೈನ್‌ನಲ್ಲಿ ಉಳಿಸಿಡುವ ಸೌಲಭ್ಯ) ಅದೇ ಹಾಳು ಸೆಟ್ಟಿಂಗನ್ನು ವಾಪಸ್ ಇಳಿಸಿತು. ನಾಲ್ಕು ವರ್ಷ ಕೂಡಿಟ್ಟ ಸ್ನಿಪೆಟ್ಸ್ (ಮತ್ತೆ ಮತ್ತೆ ಬಳಸುವ ಕೋಡ್ ತುಣುಕುಗಳು) ಮಾತ್ರ ಬರಲಿಲ್ಲ, ಅವನ್ನು ಸಿಂಕ್‌ಗೆ ಸೇರಿಸಿಯೇ ಇರಲಿಲ್ಲ.

ಅರ್ಧಕ್ಕರ್ಧ: ಎಡಿಟರ್‌ಗೆ ಸೇರಿಸಿಕೊಂಡ ಎಕ್ಸ್‌ಟೆನ್ಶನ್ ಕಾಟವೇ ಇದು, ಬರೆದಿಟ್ಟುಕೊಳ್ಳಿ. ನನ್ನ ಹತ್ತಿರ 60 ಇದ್ದವು. ಅರ್ಧ ಆಫ್ ಮಾಡು, ನೋಡು, ಮತ್ತೆ ಅದರಲ್ಲರ್ಧ. ಆರು ಸುತ್ತಿಗೆ ಕಳ್ಳ ಸಿಗಬೇಕು. ಸಿಗಲಿಲ್ಲ, ಯಾಕಂದ್ರೆ ಕಳ್ಳರು ಇಬ್ಬರು! ಕೋಡ್ ಓರಣ ಮಾಡುವ ಒಂದು ಫಾರ್ಮ್ಯಾಟರ್ ಸಿಂಗಲ್ ಕೋಟ್ ಹಾಕುತ್ತಿತ್ತು, ಇನ್ನೊಂದು ಅದನ್ನು ಡಬಲ್ ಮಾಡುತ್ತಿತ್ತು. ಬೇರೆ ಬೇರೆ ಅರ್ಧಕ್ಕೆ ಬಿದ್ದ ಕೂಡಲೇ ಇಬ್ಬರೂ ಸಾಧುಗಳು.

ಹಳೇಟರ್ಮಿನಲ್: 60 ಹಾಕಿಕೊಂಡವರು ಬುದ್ಧಿ ಹೇಳೋದು ನೋಡಿ. ನಾನು 12 ವರ್ಷದಿಂದ ವಿಮ್, ಟರ್ಮಿನಲ್‌ನಲ್ಲೇ ಓಡುವ ಎಡಿಟರ್. ಒಂದೇ ಸಲ ಕೈಕೊಟ್ಟಿದ್ದು, ಅದೂ ವಿಮ್ ತಪ್ಪಲ್ಲ. ಅಭ್ಯಾಸಬಲದಿಂದ ಕಂಟ್ರೋಲ್-ಎಸ್ ಒತ್ತಿದೆ, ಪರದೆ ಅಲ್ಲಾಡಲಿಲ್ಲ. ಗಾಬರಿಯಾಗಿ ವಿಂಡೋ ಮುಚ್ಚಿದೆ. ಒಂದೂವರೆ ಗಂಟೆಯ ಕೆಲಸ ಹೋಯಿತು. ಅದು ಟರ್ಮಿನಲ್ ಔಟ್‌ಪುಟ್ ತಡೆಯುವ ಕೀ. ಕಂಟ್ರೋಲ್-ಕ್ಯೂ ಒತ್ತಿದ್ದರೆ ಬಿಟ್ಟುಕೊಡುತ್ತಿತ್ತು.

ಅರ್ಧಕ್ಕರ್ಧ: 12 ವರ್ಷದಲ್ಲಿ, ಸೇವ್ ಮಾಡದ ಕೆಲಸ ಕಾಪಾಡುವ ಸ್ವಾಪ್ ಫೈಲ್ ಅಂತ ಒಂದಿದೆ ಅನ್ನೋದು ಗೊತ್ತಾಗಲಿಲ್ವಾ?

ಹಳೇಟರ್ಮಿನಲ್: ಆಫ್ ಮಾಡಿಟ್ಟಿದ್ದೆ. ಫೋಲ್ಡರ್ ಗಲೀಜಾಗುತ್ತೆ ಅಂತ. ನಿಮಗೇನು?

ಸಾಲುಕೊನೆ: ಜಗಳ ಆಮೇಲೆ ಆಡಿ. ಕಣ್ಣಿಗೆ ಕಾಣದೆ ಇಡೀ ಫೈಲ್ ಬದಲಾಗಿದೆ ಅಂದರೆ ನನ್ನ ಅನುಮಾನ ಸಿಆರ್‌ಎಲ್‌ಎಫ್ (ವಿಂಡೋಸ್‌ನಲ್ಲಿ ಸಾಲಿನ ಕೊನೆಗೆ ಬರುವ ಸಿಆರ್, ಎಲ್‌ಎಫ್ ಎಂಬ ಎರಡು ಕಾಣದ ಅಕ್ಷರ) ಮೇಲೆ. ಡಿಫ್‌ಗೆ ಡ್ಯಾಶ್-ಡಬ್ಲ್ಯು ಸೇರಿಸಿ, ಖಾಲಿ ಜಾಗದ ವ್ಯತ್ಯಾಸ ಬಿಟ್ಟು ತೋರಿಸುತ್ತೆ. ಒಂದೇ ಸಾಲು ಉಳಿದರೆ ಮಿಕ್ಕಿದ್ದೆಲ್ಲ ಕಾಣದ ಅಕ್ಷರ. ನಾನು ಇಂಥದ್ದೇ ಫೈಲನ್ನು ಲಿನಕ್ಸ್‌ನಲ್ಲಿ ಓಡಿಸಲು ಹೋಗಿ ರಾತ್ರಿ 11ರಿಂದ 3ರವರೆಗೆ ಕೂತಿದ್ದೆ. ಫೈಲ್ ಎದುರಿಗೇ ಇದೆ, ಕಮಾಂಡ್ ಓಡಿಸುವ ಶೆಲ್ ಮಾತ್ರ ‘ಅಂಥ ಫೈಲೇ ಇಲ್ಲ’ ಅನ್ನುತ್ತಿದೆ. ಮೊದಲ ಸಾಲಿನಲ್ಲಿ, ಫೈಲ್ ಓಡಿಸಬೇಕಾದ ಬ್ಯಾಶ್ ಹೆಸರಿನ ಬಾಲಕ್ಕೆ ಒಂದು ಸಿಆರ್ ಅಂಟಿತ್ತು. ಅಂದಿನಿಂದ ಪ್ರತಿ ಪ್ರಾಜೆಕ್ಟ್‌ಗೂ ಮೊದಲು ಡಾಟ್ ಎಡಿಟರ್‌ಕಾನ್ಫಿಗ್ (ಸಾಲಿನ ಕೊನೆ, ಇಂಡೆಂಟ್ ನಿಯಮ ಬರೆಯುವ ಫೈಲ್), ಆಮೇಲೆ ಕೋಡ್.

ಟ್ಯಾಬ್‌ಪ್ರಿಯ: ಅದರಲ್ಲಿ ಸಾಲಿನ ಆರಂಭದ ಇಂಡೆಂಟ್‌ಗೆ ಏನು ಹಾಕಿದ್ದೀರಿ? ಸ್ಪೇಸ್ ಅಂತ ಮಾತ್ರ ಹೇಳಬೇಡಿ.

ಸಾಲುಕೊನೆ: ಸ್ಪೇಸ್. ನಾಲ್ಕು.

ಟ್ಯಾಬ್‌ಪ್ರಿಯ: ಟ್ಯಾಬೇ ಬೇಕೆನ್ನುವ ಮೇಕ್‌ಫೈಲ್‌ಗೂ ನಾಲ್ಕು ಸ್ಪೇಸಾ? ಓಡಿಸಿ ನೋಡೋಣ.

ಸಾಲುಕೊನೆ: ಮೇಕ್‌ಫೈಲ್‌ಗೆ ಬೇರೆ ಸೆಕ್ಷನ್ ಇದೆ ಸ್ವಾಮಿ. ಓದಿ ಬಂದು ಮಾತಾಡಿ.

ಅರ್ಧಕೋಡ್: ಡ್ಯಾಶ್-ಡಬ್ಲ್ಯು ಹಾಕಿದೆ, ಒಂದೇ ಸಾಲು ಬಂತು!

ಮೂರ್‌ಸಲ: ಅಳಿಸಿದ ಸ್ನಿಪೆಟ್ಸ್ ವಾಪಸ್ ತೆಗೆಯೋ ದಾರಿ ಯಾರಿಗಾದರೂ ಗೊತ್ತಾ?