ಬಂಕರ್‌ನಲ್ಲಿ ನೀರು ನಿಲ್ಲುತ್ತಿದೆ, ಮರಳು ಬದಲಿಸಿದರೆ ಸಾಕಾ?

ಕಾಫಿಸೀಮೆ:
ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಒಂದು ಹಳೇ 9 ಹೋಲ್ ಗಾಲ್ಫ್ ಕೋರ್ಸ್‌ನ ಉಸ್ತುವಾರಿ ನನ್ನದು. ಜೂನ್ ಬಂತು ಅಂದರೆ ಚೆಂಡಿಗೆ ಅಡ್ಡಿಯಾಗಲೆಂದು ಮಾಡಿದ ಮರಳಿನ ಗುಂಡಿಗಳಲ್ಲಿ, ಅಂದರೆ ಬಂಕರ್‌ಗಳಲ್ಲಿ ನೀರು ನಿಲ್ಲುತ್ತದೆ. ಇಳಿಜಾರಿನ ಮರಳೆಲ್ಲ ತಳಕ್ಕೆ ಜಾರುತ್ತದೆ. ಹುಡುಗರಿಗೆ ಬೆಳಗ್ಗೆಯೆಲ್ಲ ಸಲಿಕೆಯಲ್ಲಿ ಅದನ್ನು ಮೇಲಕ್ಕೆ ಎಳೆಯುವುದೇ ಕೆಲಸ. ಕೆಮ್ಮಣ್ಣು ಸೇರಿ ಬಣ್ಣವೂ ಕೆಟ್ಟಿದೆ. ಕಮಿಟಿಯವರು "ಮೇಲೆ ನಾಲ್ಕು ಲೋಡ್ ಎಂ-ಸ್ಯಾಂಡ್ ಹೊಡೆಸಿ, ಮುಗೀತು" ಅಂತಾರೆ. ಹೊಡೆಸಬಹುದಾ?

ಹಳೇ ಸೂಪರ್‌ವೈಸರ್:
ಬೇಡ ಸರ್. ಸುಮ್ನೆ ದುಡ್ಡು ದಂಡ. ಒಂದೇ ಮಳೆಗಾಲಕ್ಕೆ ಅದೂ ಕೆಸರಾಗುತ್ತದೆ.

ಜೋರು ಮಳೆಯಲ್ಲೇ ಕೊಡೆ ಹಿಡಿದು ಹೋಗಿ ಬಂಕರ್ ಅಂಚಿನಲ್ಲಿ ನಿಂತು ನೋಡಿ. ಮೇಲಿನಿಂದ ಬೀಳುವುದಕ್ಕಿಂತ ಫೇರ್‌ವೇ (ಚೆಂಡು ಹೊಡೆದು ಸಾಗುವ ಹುಲ್ಲಿನ ಹಾದಿ) ಕಡೆಯಿಂದ ಹರಿದು ಬರುವ ನೀರೇ ಜಾಸ್ತಿ ಇರುತ್ತದೆ. ಮರಳನ್ನು ಕೊಚ್ಚುವುದು ಅದೇ. ಮೇಲ್ಬದಿಯ ಅಂಚನ್ನು ಒಂದಿಷ್ಟು ಎತ್ತರಿಸಿ, ನೀರನ್ನು ಪಕ್ಕಕ್ಕೆ ತಿರುಗಿಸಿ. ತೋಟದಲ್ಲಿ ಬಸಿಗಾಲುವೆ ತೆಗೆದ ಆಳು ಸಿಕ್ಕಿದರೆ ಹೇಳಿಕೊಡುವುದೇ ಬೇಡ.

ಆಮೇಲೆ ಹಳೇ ಮರಳು ಪೂರ್ತಿ ತೆಗೆಸಿ. ತಗ್ಗು ಇರುವ ಕಡೆ ಕಾಲುವೆ ತೋಡಿ 4 ಇಂಚಿನ ತೂತಿನ ಪೈಪ್ ಇಡಿ, ಸುತ್ತ ತೊಳೆದ ಜಲ್ಲಿ ತುಂಬಿ. ಪೈಪಿನ ಕೊನೆ ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ಗೊತ್ತಿರಲಿ. ಮಣ್ಣೊಳಗೇ ಬಿಟ್ಟು ಮುಚ್ಚಿದ ಪುಣ್ಯಾತ್ಮರನ್ನೂ ನೋಡಿದ್ದೇನೆ! ಮರಳು ಹಾಕುವ ಮುಂಚೆ ಟ್ಯಾಂಕರ್ ನೀರು ಬಿಟ್ಟು ನೋಡಿ.

ಇಳಿಜಾರಿಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿದರೆ ಕೆಳಗಿನ ಮಣ್ಣು ಮರಳಿಗೆ ಸೇರುವುದಿಲ್ಲ. ಆದರೆ ಅಲ್ಲಿ ಮರಳು ತೆಳುವಾದರೆ ರೇಕ್ ಹಲ್ಲಿಗೆ ಸಿಕ್ಕಿ ಬಟ್ಟೆ ಹರಿಯುತ್ತದೆ. ತಳದಲ್ಲಿ 4ರಿಂದ 6 ಇಂಚು, ಇಳಿಜಾರಿನಲ್ಲಿ 2–3 ಇಂಚು ಮರಳು ಇರಲಿ.

ಡಬಲ್ ಬೋಗಿ:
ಎಂ-ಸ್ಯಾಂಡ್ ಬಗ್ಗೆ ಒಂದು ಮಾತು. ಅದು ಕ್ವಾರಿ ಕಲ್ಲನ್ನು ಒಡೆದದ್ದು, ಧೂಳು ಇದ್ದೇ ಇರುತ್ತದೆ. ಕಾಂಕ್ರೀಟಿಗೆ ನಡೆಯುತ್ತದೆ. ಬಂಕರ್‌ನಲ್ಲಿ ಅದೇ ಧೂಳು ನೀರು ಇಳಿಯಲು ಬಿಡುವುದಿಲ್ಲ, ಒಣಗಿದಾಗ ಹೆಪ್ಪುಗಟ್ಟುತ್ತದೆ. ತೊಳೆದದ್ದನ್ನೇ ಕೇಳಿ. ಹೆಚ್ಚಿನ ಕಾಳು 0.25ರಿಂದ 1 ಮಿ.ಮೀ. ಒಳಗಿರಲಿ. ಲೋಡ್ ಇಳಿಸುವ ಮುಂಚೆ ಗಾಜಿನ ಬಾಟಲಿಗೆ ಒಂದು ಹಿಡಿ ಮರಳು, ನೀರು ಹಾಕಿ ಕುಲುಕಿಡಿ. ಮರಳು ತಳಕ್ಕೆ ಕೂತ ಮೇಲೂ ನೀರು ರಾಡಿಯಾಗೇ ಇದ್ದರೆ ಲಾರಿ ವಾಪಸ್ ಕಳಿಸಿ.

ಒಡೆದ ಮರಳಿಗೆ ಒಂದು ಗುಣವೂ ಇದೆ. ಕಾಳಿಗೆ ಮೂಲೆ ಇರುವುದರಿಂದ ಇಳಿಜಾರಿನಲ್ಲಿ ನಿಲ್ಲುತ್ತದೆ, ಚೆಂಡು ಅಷ್ಟಾಗಿ ಹೂತುಹೋಗುವುದಿಲ್ಲ. ದುಂಡು ಕಾಳಿನ ಹೊಳೆ ಮರಳಿನಲ್ಲಿ ಫ್ರೈಡ್ ಎಗ್ (ಮರಳಲ್ಲಿ ಅರ್ಧ ಹೂತ ಚೆಂಡು) ಆಡಿ ನನಗಂತೂ ಸಾಕಾಗಿದೆ.

ಕಾಫಿಸೀಮೆ:
ಇಷ್ಟೆಲ್ಲ ಮಾಡಲು ಅರ್ಧ ಬಂಕರ್‌ಗಳಿಗಷ್ಟೇ ದುಡ್ಡು ಸಾಲುತ್ತದೆ ಅಲ್ವಾ?

ಹಳೇ ಸೂಪರ್‌ವೈಸರ್:
ಹಾಗಾದರೆ ಅರ್ಧವೇ ಇಟ್ಟುಕೊಳ್ಳಿ ಸರ್. ಯಾವ ಬಂಕರ್‌ಗೆ ಚೆಂಡು ಬೀಳುತ್ತದೆ ಅಂತ ಆಟಗಾರರ ಬ್ಯಾಗ್ ಹೊರುವ ಕ್ಯಾಡಿಗಳನ್ನು ಕೇಳಿ. ಬೀಳದವನ್ನು ಮಣ್ಣು ತುಂಬಿಸಿ ಹುಲ್ಲು ಹಾಕಿಸಿ, ಕಮಿಟಿಯವರು ಗೊಣಗಿದರೂ ಪರವಾಗಿಲ್ಲ. ಗ್ರೀನ್ (ಚೆಂಡು ಬೀಳಬೇಕಾದ ಕುಳಿ ಇರುವ ನುಣುಪು ಹುಲ್ಲು) ಪಕ್ಕದವು ಮೊದಲು. ಜನವರಿಯಲ್ಲೇ ಶುರು ಮಾಡಿ. ಮೇ ಅಂದರೆ ಮಳೆ ಬಾಗಿಲಿಗೆ ಬಂದಿರುತ್ತದೆ, ಅಂಚಿನ ಹುಲ್ಲು ಬೇರು ಬಿಟ್ಟಿರುವುದಿಲ್ಲ.